ಪೂರ್ವದ ಸ್ಟ್ಯಾಂಡಿನ ಗಂಟಲು

ಆಗಸ್ಟ್ ೧೪

ಮರಿ,

ನಿನ್ನ ಕಾಗದ ತಲುಪಿತು. ಫೋನಿನಲ್ಲಿ ನೀನು ಹೂಂ, ಹೂಂ ಅನ್ನುವುದು ಬಿಟ್ಟರೆ ಬೇರೆ ಮಾತಿಲ್ಲ. ಕಾಗದವೇ ಬರೆ ಅಂತ ನಾನು ಹಟ ಹಿಡಿದದ್ದು ಒಳ್ಳೆಯದಾಯಿತು. ರೆಫರಿ ಪರೀಕ್ಷೆ ಪಾಸಾಯಿತು, ಫುಟ್‌ಬಾಲ್ ಲೀಗ್ ಪಂದ್ಯ ಆಡಿಸುವವರ ಪಟ್ಟಿಗೆ ಸೇರಿದೆ ಅಂತ ಬರೆದಿದ್ದೀಯಲ್ಲ, ಅದನ್ನು ನಿಮ್ಮಪ್ಪನಿಗೆ ಗಟ್ಟಿಯಾಗಿ ಓದಿ ಹೇಳಿದೆ. "ಅಂದ್ರೆ ಇನ್ಮೇಲೆ ಅವನೂ ಚಡ್ಡಿ ಹಾಕ್ಕೊಂಡು ಓಡ್ತಾನಾ?" ಅಂದರು. ಜೀವಮಾನವೆಲ್ಲ ಬಸ್ಸು ಓಡಿಸಿದ ಮನುಷ್ಯ. ಒಂದು ಚೆಂಡಿಗಾಗಿ ಇಷ್ಟು ಜನ ಯಾಕೆ ಓಡಬೇಕು ಅನ್ನುವುದು ಅವರಿಗೆ ಇವತ್ತಿಗೂ ಅರ್ಥವಾಗಿಲ್ಲ.

ನನಗೆ ಖುಷಿಯಾಯಿತು. ಮುಜುಗರವೂ ಆಯಿತು, ಸುಳ್ಳು ಯಾಕೆ ಹೇಳಲಿ. ನಾವು ಪಟ್ಟೆಯವರು. ನಮ್ಮೂರ ತಂಡದ, ಹಳದಿ ಮೇಲೆ ಕಪ್ಪು ಪಟ್ಟೆಯ ಆ ಅಂಗಿ ಕಂಡರೆ ಸಾಕು, ನನ್ನ ಎದೆ ಡವಡವ ಅನ್ನುತ್ತದೆ. ನೀನು ಹೊಟ್ಟೆಯಲ್ಲಿದ್ದಾಗಲೂ ನಾನು ಊರಿನ ಪಂದ್ಯ ತಪ್ಪಿಸಿದವಳಲ್ಲ. ಅಂಥ ಮನೆಯಿಂದ ಒಬ್ಬ ರೆಫರಿ ಹುಟ್ಟಿಬಂದ ಅಂದರೆ ಸ್ಟ್ಯಾಂಡಿನ ನಮ್ಮ ಸಾಲಿನವರು ನನ್ನನ್ನು ಸುಮ್ಮನೆ ಬಿಡುತ್ತಾರೆಯೇ?

ನೀನು ಊರು ಬಿಟ್ಟ ಮೇಲೆ ಪೂರ್ವದ ಸ್ಟ್ಯಾಂಡಿನ ಹಳೇ ಬೆಂಚುಗಳನ್ನೆಲ್ಲ ಕಿತ್ತು ಕುರ್ಚಿ ಹಾಕಿದ್ದಾರೆ. ಸಾಲಿನಲ್ಲಿ ಈಗ ಇರುವವರು ಯಾರೂ ನಿನ್ನನ್ನು ನೋಡಿದವರಲ್ಲ. ನನ್ನ ಎಡಕ್ಕೆ ಬೇಕರಿಯವರು, ಪ್ರತಿ ಸಲ ಒಂದು ಚೀಲ ಬನ್ನು ತರುತ್ತಾರೆ. ಬಲಕ್ಕೆ ಮೆಡಿಕಲ್ ಶಾಪಿನಾಕೆ, ಪಂದ್ಯದ ದಿನ ಎಲ್ಲರ ಬಿ.ಪಿ. ವಿಚಾರಿಸುವವಳು. ಅವಳಾಚೆ ರಿಟೈರಾದ ಹೆಡ್‌ಮೇಷ್ಟ್ರು. ಆಟ ಕಣ್ಣ ಮುಂದೆ ನಡೆಯುತ್ತಿದ್ದರೂ ಕಿವಿಗೆ ರೇಡಿಯೋ ಹಿಡಿದು, ಅದು ಹೇಳಿದ ಮೇಲೆಯೇ ನಂಬುತ್ತಾರೆ. ಘೋಷಣೆ ಎತ್ತಿಕೊಡುವವಳು ಮಾತ್ರ ಈಗಲೂ ನಾನೇ. ನಾನು ಒಂದು ಮಾತು ಕಟ್ಟಿ ಕೂಗಿದರೆ ಸ್ಟ್ಯಾಂಡು ಪೂರ್ತಿ ಹಿಡಿದುಕೊಳ್ಳುತ್ತದೆ. "ಮಗ ಏನ್ಮಾಡ್ತಾನೆ ಅಕ್ಕಾ?" ಅಂತ ಬೇಕರಿಯವರು ಕೇಳಿದರು. "ಕನ್ನಡಕದ ಅಂಗಡಿ" ಅಂದೆ. ಅದೇನು ಸುಳ್ಳಲ್ಲವಲ್ಲ.

ಮೊದಲ ಪಂದ್ಯ ಸೋತೆವು. ನಮ್ಮ ಗೋಲ್‌ಕೀಪರ್ ಕೈಗೆ ಬಂದ ಚೆಂಡನ್ನು ತಾನೇ ಒಳಗೆ ಹಾಕಿಕೊಂಡ.

ನಿನ್ನ ಅಮ್ಮ

ನವೆಂಬರ್ ೩

ಅಮ್ಮಾ,

ತಡವಾಯಿತು, ಬೈಯಬೇಡ. ವಾರವೆಲ್ಲ ಅಂಗಡಿಯಲ್ಲಿ ಗಾಜು ಉಜ್ಜುವುದು, ಭಾನುವಾರ ಮೈದಾನ. ಇಲ್ಲಿಯವರೆಗೆ ಲೀಗಿನ ಕೆಲವು ಪಂದ್ಯ ಆಡಿಸಿದ್ದೇನೆ. ಮೊದಲರ್ಧ ಮುಗಿಯುವಷ್ಟರಲ್ಲಿ ಯಾರಾದರೊಬ್ಬರು "ಕನ್ನಡಕ ಹಾಕ್ಕೊಳ್ಳೋ ಕುರುಡಾ" ಅಂತ ಕೂಗುತ್ತಾರೆ. ಅಂಗಡಿಗೆ ಬನ್ನಿ, ನಿಮಗೇ ಒಂದು ಮಾಡಿಕೊಡುತ್ತೇನೆ ಅನ್ನಬೇಕು ಅನ್ನಿಸುತ್ತದೆ. ಎರಡನೇ ಅರ್ಧದಲ್ಲಿ ನನ್ನ ಕಣ್ಣು ಬಿಟ್ಟು ನಿನ್ನ ವಿಷಯಕ್ಕೆ ಬರುತ್ತಾರೆ. ಹೋದ ವಾರ ಒಬ್ಬ ಅಂದದ್ದನ್ನು ನಾನು ಬರೆಯುವುದಿಲ್ಲ. ನಿನ್ನನ್ನು ನೋಡದವನು ನಿನ್ನ ಬಗ್ಗೆ ಅಷ್ಟು ಹೇಗೆ ತಿಳಿದುಕೊಂಡ ಅಂತ ನಗುತ್ತಲೇ ಓಡಿದೆ. ಮನೆಗೆ ಬಂದ ಮೇಲೆ ನಗು ಬರಲಿಲ್ಲ.

ಒಂದು ವಿಷಯ. ರೆಫರಿಗಳಿಗೆ ತಮ್ಮ ಊರಿನ ತಂಡದ ಪಂದ್ಯ ಕೊಡುವುದಿಲ್ಲ. ನಾನು ಅರ್ಜಿಯಲ್ಲಿ ಇಲ್ಲಿನ ವಿಳಾಸ ಬರೆದದ್ದರಿಂದ ಅವರ ಲೆಕ್ಕಕ್ಕೆ ನಾನು ಈ ಊರಿನವನು. ನಾನು ಪಟ್ಟೆಯವನು ಅಂತ ರೆಫರಿಗಳ ಸಂಘದಲ್ಲಿ ಯಾರಿಗೂ ಹೇಳಿಲ್ಲ. ಮೊದಲು ಹೇಳಲು ಮರೆತೆ, ಆಮೇಲೆ ಹೇಳಲು ಸಂಕೋಚ. ನೀನು ಸಾಲಿನವರಿಗೆ ನನ್ನ ವಿಷಯ ಹೇಳಿದೆಯಾ?

ಭಾನುವಾರ ನನ್ನ ಪಂದ್ಯ ಮುಗಿದ ಮೇಲೆ ಡ್ರೆಸ್ಸಿಂಗ್ ರೂಮಿನ ಹಿಂದೆ ಹೋಗಿ ಕದ್ದು ಪಟ್ಟೆಯವರ ಸ್ಕೋರು ನೋಡುತ್ತೇನೆ. ಈ ವರ್ಷ ಯಾಕೆ ಹೀಗೆ ಆಡುತ್ತಿದ್ದಾರೆ?

ನಿನ್ನ ಮಗ

ಫೆಬ್ರವರಿ ೨೦

ಮರಿ,

ಯಾಕೆ ಹೀಗೆ ಆಡುತ್ತಿದ್ದಾರೆ ಅಂತ ನನ್ನನ್ನು ಕೇಳಿದರೆ ನಾನು ಯಾರನ್ನು ಕೇಳಲಿ? ಚಳಿಗಾಲ ಪೂರ್ತಿ ಸೋತರು. ಸೋಮವಾರ ಲಾಂಡ್ರಿ ಕೆಲಸಕ್ಕೆ ಹೋದರೆ ಆಸ್ಪತ್ರೆಯ ಹಾಸಿಗೆ ಬಟ್ಟೆಗಳನ್ನು ಇಸ್ತ್ರಿ ಯಂತ್ರಕ್ಕೆ ಕೊಡುವಾಗ ನನ್ನ ಮುಖ ನೋಡಿಯೇ ಮಡಿಸುವ ಹುಡುಗಿಯರು ಸ್ಕೋರು ಹೇಳಿಬಿಡುತ್ತಿದ್ದರು. ಒಂದು ಸೋಮವಾರ ಹೆರಿಗೆ ವಾರ್ಡಿನ ಹಾಸಿಗೆ ಬಟ್ಟೆಯನ್ನು ಸುಟ್ಟೆ. ಮೇಲ್ವಿಚಾರಕಿ "ನಿಮ್ಮ ಪಟ್ಟೆಯವರು ಗೆಲ್ಲೋವರೆಗೂ ನೀವು ಬರೀ ಟವೆಲ್ ನೋಡ್ಕೊಳ್ಳಿ" ಅಂದಳು.

ಆದರೆ ಹೋದ ವಾರ ಗೆದ್ದೆವು, ಮರಿ. ಮೇಲಿನಿಂದ ಎರಡನೇ ಸ್ಥಾನದವರನ್ನು ಗೆದ್ದೆವು. ಎಡಗಡೆಯಿಂದ ಓಡುವ ನಮ್ಮ ಕುಳ್ಳ ಒಂದು ಗೋಲು ಹೊಡೆದ, ಹೊಡೆದದ್ದು ಅವನಿಗೇ ಗೊತ್ತಾಗಲಿಲ್ಲ. ಬೇಕರಿಯವರು ನನ್ನನ್ನು ಎತ್ತಿಯೇಬಿಟ್ಟರು. ನನ್ನ ತೂಕ ನಿನಗೆ ಗೊತ್ತು. ಹೆಡ್‌ಮೇಷ್ಟ್ರು ರೇಡಿಯೋ ಕೆಳಗೆ ಬೀಳಿಸಿ, ಅದು ಹೇಳುವ ಮೊದಲೇ ನಂಬಿದರು. ಮನೆಗೆ ಬಂದು ನಿಮ್ಮಪ್ಪನಿಗೆ ಎಲ್ಲವನ್ನೂ ಮೊದಲಿಂದ ಹೇಳಿದೆ. "ಗೆದ್ರೆ ನಾವು, ಸೋತ್ರೆ ಅವರು, ಎರಡೂ ಅಲ್ದಿದ್ರೆ ರೆಫರಿ. ಇದು ಯಾವ ಕಾನೂನೇ?" ಅಂದರು. ನನಗೆ ನಿನ್ನ ನೆನಪಾಯಿತು.

ಇಲ್ಲ, ಸಾಲಿನವರಿಗೆ ಹೇಳಿಲ್ಲ. ಹೇಳಬೇಕು ಅಂತ ಹೋಗುತ್ತೇನೆ. ಅಷ್ಟರಲ್ಲಿ ರೆಫರಿ ಏನಾದರೂ ಮಾಡುತ್ತಾನೆ, ಎಲ್ಲರೂ ಬೈಯುತ್ತಾರೆ, ನಾನೇ ಎತ್ತಿಕೊಡುತ್ತೇನೆ. ಆಮೇಲೆ ಹೇಗೆ ಹೇಳುವುದು?

ಅಮ್ಮ

ಏಪ್ರಿಲ್ ೨೯

ಮರಿ,

ಚಿಕ್ಕ ಕಾಗದ. ಮತ್ತೆ ಸೋತು ಸೋತು ಪಾತಾಳಕ್ಕೆ ಬಂದು ನಿಂತಿದ್ದೇವೆ. ಇನ್ನು ಒಂದೇ ಪಂದ್ಯ, ಮೇ ತಿಂಗಳ ಮೂರನೇ ಭಾನುವಾರ, ನಮ್ಮ ಮೈದಾನದಲ್ಲೇ. ಡ್ರಾ ಆದರೂ ಸಾಕು, ಉಳಿಯುತ್ತೇವೆ. ಸೋತರೆ ಕೆಳಗಿನ ಡಿವಿಜನ್‌ಗೆ ತಳ್ಳುತ್ತಾರೆ. ನಾನು ಬುದ್ಧಿ ಬಂದಾಗಿನಿಂದ ನೋಡುತ್ತಿದ್ದೇನೆ, ಪಟ್ಟೆಯವರು ಕೆಳಗೆ ಇಳಿದದ್ದೇ ಇಲ್ಲ. ಊಟ ಸೇರುತ್ತಿಲ್ಲ.

ನೀನು ಬರುತ್ತೀಯಾ? ಆ ಭಾನುವಾರ ನಿನಗೆ ಕೆಲಸವಿಲ್ಲದಿದ್ದರೆ ಬಾ, ನನ್ನ ಪಕ್ಕದಲ್ಲಿ ಕೂತು ನೋಡು. ಮಗ ಅಂತ ಪರಿಚಯ ಮಾಡಿಸುತ್ತೇನೆ. ಕನ್ನಡಕದ ಅಂಗಡಿಯವನು ಅಂತಲೇ ಇರಲಿ, ಅವತ್ತಿನ ಮಟ್ಟಿಗೆ.

ಅಮ್ಮ

ಮೇ ೨೧

ಅಮ್ಮಾ,

ಭಾನುವಾರ ನಿನಗೆ ಮೊದಲೇ ತಿಳಿಸಲು ಆಗಲಿಲ್ಲ. ಆ ಪಂದ್ಯಕ್ಕೆ ಹಾಕಿದ್ದ ರೆಫರಿಗೆ ಜ್ವರ ಬಂತು. ಬೆಳಿಗ್ಗೆ ಸಂಘದಿಂದ ಫೋನು ಮಾಡಿ ಹೊರಡು ಅಂದರು, ಹೊರಟೆ. ಅದು ನನ್ನ ಊರು ಅಂತ ಹೇಳಬೇಕಿತ್ತು.

ಪಂದ್ಯ ಮುಗಿದ ಮೇಲೆ ನಮ್ಮನ್ನು ಹಿಂದಿನ ಗೇಟಿನಿಂದ ಪೊಲೀಸ್ ವ್ಯಾನಿನಲ್ಲಿ ಕರೆದುಕೊಂಡು ಹೋದರು. ಆದ್ದರಿಂದ ಮನೆಗೆ ಬರಲಾಗಲಿಲ್ಲ. ಸ್ಟ್ಯಾಂಡಿನಿಂದ ಎಸೆದ ಬಾಟಲಿ ಬಿದ್ದದ್ದು ತೋಳಿಗೆ, ಬರೀ ಊದಿಕೊಂಡಿದೆ. ಪತ್ರಿಕೆಯಲ್ಲಿ ಬಂದಷ್ಟೇನೂ ಆಗಿಲ್ಲ.

ಪಟ್ಟೆಯವರು ಕೆಳಗೆ ಇಳಿದರು. ಇಳಿಸಿದ್ದು ನಾನು ಕೊಟ್ಟ ಪೆನಾಲ್ಟಿ. ಅದರ ಬಗ್ಗೆ ಈಗ ಬರೆಯುವುದಿಲ್ಲ.

ನೀನು ಬಂದಿದ್ದೆಯಾ ಅಂತ ಕೇಳುವುದಿಲ್ಲ. ಅಪ್ಪನಿಗೆ ನಾನು ಚೆನ್ನಾಗಿದ್ದೇನೆ ಅಂತ ಹೇಳು.

ಮಗ

ಮೇ ೩೦

ಮರಿ,

ಕೈ ಹೇಗಿದೆ? ಊತಕ್ಕೆ ತಣ್ಣೀರು ಬಟ್ಟೆ ಹಾಕು, ಉಜ್ಜಬೇಡ. ಬಲಗೈ ಆದರೆ ಗಾಜು ಉಜ್ಜುವ ಕೆಲಸಕ್ಕೆ ಒಂದು ವಾರ ಹೋಗಬೇಡ. ಯಾವ ಕೈ ಅಂತ ನೀನು ಬರೆದೇ ಇಲ್ಲ.

ಇಲ್ಲಿ ಎಲ್ಲ ಸರಿಯಾಗಿದೆ. ಅಡುಗೆಮನೆಯ ನಲ್ಲಿ ಸೋರುತ್ತಿತ್ತು, ನಿಮ್ಮಪ್ಪ ರಿಪೇರಿ ಮಾಡಿದರು, ಈಗ ಮೊದಲಿಗಿಂತ ಜೋರಾಗಿ ಸೋರುತ್ತದೆ. ಮುಂದಿನ ಕೋಣೆಗೆ ಹೊಸ ಪರದೆ ಹಾಕಿದ್ದೇನೆ, ನೀಲಿ. ಲಾಂಡ್ರಿಯಲ್ಲಿ ಒಂದು ಯಂತ್ರ ಕೆಟ್ಟು ಕೂತಿದೆ, ಆದ್ದರಿಂದ ಕೆಲಸ ಜಾಸ್ತಿ. ಇನ್ನೇನು ವಿಶೇಷವಿಲ್ಲ.

ಹೌದು, ಬಂದಿದ್ದೆ.

ಅಮ್ಮ

ಜೂನ್ ೧೯

ಮಗಾ,

ನಾನು ಕಾಗದ ಬರೆದವನಲ್ಲ. ಅಕ್ಷರ ನೋಡಿ ನಗಬೇಡ, ಸ್ಟೀರಿಂಗ್ ಹಿಡಿದ ಕೈ ಇದು.

ನಿಮ್ಮಮ್ಮ ಸರಿಯಾಗಿಲ್ಲ. ಜಗಳವಾಡುವುದನ್ನೇ ಬಿಟ್ಟಿದ್ದಾಳೆ. ಉಪ್ಪು ಕಡಿಮೆ ಅಂದರೆ ಉಪ್ಪು ತಂದುಕೊಡುತ್ತಾಳೆ, ಮೊದಲಾದರೆ ನನ್ನ ನಾಲಿಗೆಯನ್ನು ಬೈಯುತ್ತಿದ್ದಳು. ಪಟ್ಟೆಯವರು ಕೆಳಗೆ ಇಳಿದರಲ್ಲ, ಅದಕ್ಕೇ ಇರಬೇಕು ಅಂತ ನಾನು ಸುಮ್ಮನಿದ್ದೆ. ಒಂದು ತಂಡ ಸತ್ತರೂ ಸೂತಕ ಇಷ್ಟು ದಿನ ಇರುವುದಿಲ್ಲ.

ಮೊನ್ನೆ ಆ ಬೇಕರಿಯವರು ಬನ್ನಿನ ಪೊಟ್ಟಣ ಹಿಡಿದು ಮನೆಗೆ ಬಂದರು. ಅಕ್ಕ ಎಲ್ಲಿ, ಕಾಣಿಸಲೇ ಇಲ್ಲವಲ್ಲ ಅಂತ. ಇವಳು ಹಿತ್ತಲಿಗೆ ಹೋಗಿ ಬಚ್ಚಿಟ್ಟುಕೊಂಡು, ಇಲ್ಲ ಅಂತ ಹೇಳಿ ಅಂತ ಕೈಸನ್ನೆ ಮಾಡಿದಳು. ನಾನು ಇಲ್ಲ ಅಂದೆ. ಅವರು ಕೂತು ಒಂದು ಲೋಟ ಟೀ ಕುಡಿದು ಆ ದಿನದ ಪಂದ್ಯದ ಕತೆ ಹೇಳಿದರು. ಯಾರು ಏನು ಕೂಗಿದರು, ಯಾರು ಎತ್ತಿಕೊಟ್ಟರು, ಎಲ್ಲ. ಹೊಗಳಿಯೇ ಹೇಳಿದರು, ಪಾಪ. ಅವರಿಗೆ ರೆಫರಿ ಯಾರು ಅಂತ ಗೊತ್ತಿಲ್ಲ. ನನಗೆ ಗೊತ್ತಿತ್ತು, ಪತ್ರಿಕೆಯಲ್ಲಿ ನಿನ್ನ ಫೋಟೋ ನೋಡಿದ್ದೆ.

ಅವರು ಹೇಳಿದ್ದನ್ನು ನಾನು ಇಲ್ಲಿ ಬರೆಯುವುದಿಲ್ಲ. ಅದು ಅವಳು ಬರೆಯಬೇಕಾದ್ದು. ಅವಳಿಗೂ ಅದನ್ನೇ ಹೇಳಿದೆ. "ನೀನು ಬರೀದಿದ್ರೆ ನಾನು ಬರೀತೀನಿ, ನನ್ನ ಕೈಬರಹ ನೋಡಿದ್ರೆ ಅವನಿಗೆ ಇನ್ನೂ ಬೇಜಾರಾಗುತ್ತೆ" ಅಂದೆ. ಅವಳು ನಗಲಿಲ್ಲ.

ಅಪ್ಪ

ಜೂನ್ ೨೮

ಮರಿ,

ನಾನು ಏನು ಮಾಡಿದೆ ಅಂತ ಬರೆಯುತ್ತೇನೆ. ಅಷ್ಟು ಗದ್ದಲದಲ್ಲಿ ನಿನಗೆ ಕೇಳಿಸಿರಲಿಕ್ಕಿಲ್ಲ, ಕೇಳಿಸದಿದ್ದರೆ ಬರೆಯುವ ಅಗತ್ಯವೇನು ಅಂತ ಇಷ್ಟು ದಿನ ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಅದೂ ನಾಚಿಕೆಗೇಡು.

ತಂಡಗಳ ಜೊತೆ ನೀನು ಮೈದಾನಕ್ಕೆ ಬಂದೆ. ಮೊದಲು ನಡಿಗೆ ಗುರುತು ಸಿಕ್ಕಿತು, ಆಮೇಲೆ ಮುಖ. ನನ್ನ ಮಗ ಕಣ್ರೀ ಅಂತ ಹೇಳಲು ಬಾಯಿ ತೆರೆದೆ. ಅಷ್ಟರಲ್ಲಿ ಬೇಕರಿಯವರು "ಯಾರು ಅಕ್ಕಾ ಈ ಪೀಚು? ಇವತ್ತು ನಮ್ಮ ಕತೆ ಮುಗೀತು" ಅಂದರು. ತೆರೆದ ಬಾಯಿಗೆ ಬನ್ನು ತುರುಕಿಕೊಂಡೆ. ಮೊದಲರ್ಧ ಪೂರ್ತಿ ನಾನು ಚೆಂಡನ್ನು ನೋಡಲಿಲ್ಲ, ನಿನ್ನನ್ನೇ ನೋಡಿದೆ. ಚೆನ್ನಾಗಿ ಆಡಿಸುತ್ತಿದ್ದೆ. ಹೆಡ್‌ಮೇಷ್ಟ್ರು "ಹುಡುಗ ಪರವಾಗಿಲ್ಲ, ನ್ಯಾಯವಾಗಿದ್ದಾನೆ" ಅಂದರು. ಆಗಲಾದರೂ ಹೇಳಬಹುದಿತ್ತು. ಡ್ರಾ ಆಗಲಿ, ಎಲ್ಲರೂ ಖುಷಿಯಲ್ಲಿರುತ್ತಾರೆ, ಆಗ ಹೇಳೋಣ ಅಂದುಕೊಂಡೆ. ನಿನ್ನನ್ನು ನನ್ನವನು ಅಂತ ಹೇಳಿಕೊಳ್ಳುವುದಕ್ಕೆ ನಾನು ಸ್ಕೋರು ಕಾಯುತ್ತಾ ಕೂತಿದ್ದೆ.

ಕೊನೆಗೆ ಅವರ ಆಟಗಾರನೊಬ್ಬ ನಮ್ಮ ಗೋಲಿನ ಮುಂದೆ ಬಿದ್ದ, ನೀನು ಸೀಟಿ ಊದಿದೆ. ಪೆನಾಲ್ಟಿ ಜಾಗಕ್ಕೆ ಕೈ ತೋರಿಸಿದೆ. ಅವರು ಹೊಡೆದರು, ಗೋಲಾಯಿತು, ನಮ್ಮದು ಮುಗಿಯಿತು. ಸ್ಟ್ಯಾಂಡು ಹೇಗಾಯಿತು ಅಂತ ನಿನಗೆ ನಾನು ಹೇಳಬೇಕಾಗಿಲ್ಲ. ಬೇಕರಿಯವರು ಅಳುತ್ತಾ ಕುರ್ಚಿಯ ಮೇಲೆ ಹತ್ತಿ ನಿಂತು "ಇವನನ್ನ ಹೆತ್ತೋಳು ಯಾರೋ" ಅಂತ ಕೂಗಿದರು. ಕೂಗಿ ನನ್ನ ಕಡೆ ತಿರುಗಿದರು. ಸಾಲೆಲ್ಲ ನನ್ನ ಕಡೆ ತಿರುಗಿತು. ಇಂಥ ಹೊತ್ತಿನಲ್ಲಿ ಮಾತು ಎತ್ತಿಕೊಡುವವಳು ನಾನಲ್ಲವೇ.

ನಾನು ಎದ್ದು ನಿಂತು "ಹೆತ್ತವಳಿಗೆ ನಾಚಿಕೆ" ಅಂತ ಕೂಗಿದೆ.

ಅಷ್ಟೇ ಸಾಕಾಯಿತು. ಸಾಲು ಹಿಡಿಯಿತು, ಸ್ಟ್ಯಾಂಡು ಹಿಡಿಯಿತು, ಚಪ್ಪಾಳೆ ಹಾಕಿ ಹಾಕಿ ಕೂಗಿದರು. ಸಿಕ್ಕಿಬೀಳಬಾರದು ಅಂತ ಸುಮ್ಮನೆ ಅಂದದ್ದು ಅಂತ ಹೇಳಿದರೆ ನನಗೆ ಹಗುರಾಗುತ್ತಿತ್ತು. ಹಾಗಲ್ಲ. ಮನಸಾರೆ ಅಂದೆ. ಆ ಹೊತ್ತಿಗೆ ನೀನು ನನ್ನ ಮಗನಾಗಿರಲಿಲ್ಲ, ನಮ್ಮನ್ನು ಕೆಳಗೆ ತಳ್ಳಿದವನಾಗಿದ್ದೆ. ಇದಕ್ಕಿಂತ ಕೆಟ್ಟದ್ದು ಇನ್ನೊಂದಿದೆ. ಸ್ಟ್ಯಾಂಡು ಪೂರ್ತಿ ನನ್ನ ಮಾತನ್ನು ಕೂಗಿದಾಗ ಒಂದು ಕ್ಷಣ ನನಗೆ ಹೆಮ್ಮೆಯಾಯಿತು. ನೀನು ಈ ಕಡೆ ತಿರುಗಿ ನೋಡಿದೆ. ನಾನು ಮುಂದಿನವರ ಬೆನ್ನಿನ ಹಿಂದೆ ಕೂತುಬಿಟ್ಟೆ. ಬಾಟಲಿ ಹಾರಿದ್ದು ಆಮೇಲೆ. ಬಿದ್ದದ್ದು ನಿನಗೆ ಅಂತ ನನಗೆ ಪತ್ರಿಕೆ ನೋಡಿ ಗೊತ್ತಾಯಿತು.

ಈಗ ಅದು ಊರಲ್ಲೆಲ್ಲ ಓಡಾಡುತ್ತಿದೆ. ಲಾಂಡ್ರಿಯ ಹುಡುಗಿಯರು ಬಟ್ಟೆ ಮಡಿಸುವಾಗ ತಾಳಕ್ಕೆ ಅದನ್ನೇ ಹೇಳಿಕೊಳ್ಳುತ್ತಾರೆ. ಲಾಂಡ್ರಿ ವ್ಯಾನಿನ ಡ್ರೈವರು ನನ್ನನ್ನು ಕಂಡರೆ ಅದನ್ನು ಹೇಳಿ ಕಣ್ಣು ಮಿಟುಕಿಸುತ್ತಾನೆ, ಕಟ್ಟಿದವಳು ನಾನು ಅಂತ. ನಾನು ನಗಬೇಕಾಗುತ್ತದೆ.

ಕ್ಷಮಿಸು ಅಂತ ಬರೆದು ಹೊಡೆದುಹಾಕಿದ್ದೇನೆ, ಮೇಲೆ ಕಾಣಿಸುತ್ತದೆ. ಕೇಳುವ ಮುಖ ನನಗಿಲ್ಲ.

ಅಮ್ಮ

ಜುಲೈ ೨೨

ಅಮ್ಮಾ,

ಕೇಳಿಸಿತ್ತು.

ಚಿಕ್ಕವನಿದ್ದಾಗ ಜನರ ಮಧ್ಯೆ ತಪ್ಪಿಸಿಕೊಂಡರೆ ಅಳಬೇಡ, ನಿಂತಲ್ಲೇ ನಿಂತು ನನ್ನ ಕೂಗು ಎಲ್ಲಿಂದ ಬರುತ್ತದೆ ಕೇಳು ಅಂತ ನೀನೇ ಹೇಳಿಕೊಟ್ಟದ್ದು. ಅಲ್ಲಿ ಎಷ್ಟು ಸಾವಿರ ಜನ ಇದ್ದರೋ ನನಗೆ ಗೊತ್ತಿಲ್ಲ, ಎತ್ತಿಕೊಟ್ಟ ಗಂಟಲು ಯಾವುದು ಅಂತ ಗೊತ್ತಾಯಿತು. ನೀನು ಕೂತದ್ದೂ ಕಂಡಿತು. ವ್ಯಾನಿನ ವಿಷಯ ಬರೆದೆನಲ್ಲ, ನಿಜ. ಆದರೆ ಆ ವ್ಯಾನು ನಮ್ಮ ಬೀದಿಯ ತುದಿಯಲ್ಲೇ ಹಾದುಹೋಯಿತು. ನಿಲ್ಲಿಸಿ ಅಂದಿದ್ದರೆ ನಿಲ್ಲಿಸುತ್ತಿದ್ದರು. ನಾನು ಅನ್ನಲಿಲ್ಲ. ನಿನ್ನ ಮುಖ ನೋಡಬಾರದು ಅನ್ನುವಷ್ಟು ಕೋಪ ಇತ್ತು.

ಆ ಕೋಪವನ್ನು ಇಟ್ಟುಕೊಳ್ಳುವ ಯೋಗ್ಯತೆ ನನಗಿಲ್ಲ ಅಂತ ಆಮೇಲೆ ತಿಳಿಯಿತು. ಆ ಪೆನಾಲ್ಟಿಯ ವಿಷಯ ಹೇಳುತ್ತೇನೆ. ನಾನು ನೋಡಲಿಲ್ಲ, ಅಮ್ಮಾ. ನಮ್ಮ ಡಿಫೆಂಡರ್ ಕಾಲು ಅಡ್ಡ ಹಾಕಿದನೋ, ಅವರ ಆಟಗಾರ ತಾನೇ ಎಡವಿದನೋ, ಮಧ್ಯೆ ಒಬ್ಬನ ಬೆನ್ನು ಅಡ್ಡ ಬಂದಿತ್ತು. ಬಿದ್ದದ್ದು ಮಾತ್ರ ಕಂಡಿತು. ಕಾಣದ್ದಕ್ಕೆ ಊದಬಾರದು, ಆಟ ಮುಂದುವರಿಸಬೇಕು. ಬೇರೆ ಯಾವ ತಂಡವಾಗಿದ್ದರೂ ಮುಂದುವರಿಸುತ್ತಿದ್ದೆ. ಆದರೆ ಅಲ್ಲಿ ಪಟ್ಟೆ ಕಂಡಿತು, ಇವರು ಉಳಿಯಲಿ ಅಂತ ನನ್ನ ಹೊಟ್ಟೆಯೊಳಗಿಂದ ಆಸೆ ಬಂತು. ಆ ಆಸೆಗೆ ಹೆದರಿ ಊದಿದೆ. ಪಕ್ಷಪಾತ ಮಾಡಿದೆ ಅಂತ ಆಗಬಾರದು ಅಂತ ಇನ್ನೊಂದು ಪಕ್ಷಪಾತ ಮಾಡಿದೆ. ಆ ದಿನ ಬೆಳಿಗ್ಗೆ ಫೋನಿನಲ್ಲಿ "ಅದು ನನ್ನೂರು, ನನ್ನ ತಂಡ, ಬೇರೆಯವರನ್ನ ಕಳಿಸಿ" ಅಂದಿದ್ದರೆ ಮುಗಿಯುತ್ತಿತ್ತು. ದೊಡ್ಡ ಪಂದ್ಯ ಅಂತ ಆಸೆಪಟ್ಟು ಬಾಯಿ ಮುಚ್ಚಿಕೊಂಡೆ. ನೀನು ಸಾಲಿನವರ ಮುಂದೆ ನನ್ನನ್ನು ಮುಚ್ಚಿಟ್ಟೆ, ನಾನು ಸಂಘದವರ ಮುಂದೆ ನಿಮ್ಮನ್ನೆಲ್ಲ ಮುಚ್ಚಿಟ್ಟೆ.

ಇದನ್ನೆಲ್ಲ ಸಂಘಕ್ಕೆ ಬರೆದುಕೊಟ್ಟಿದ್ದೇನೆ. ಈ ವರ್ಷ ಪಟ್ಟಿಯಿಂದ ತೆಗೆದಿದ್ದಾರೆ. ಶಾಲೆಗಳ ಪಂದ್ಯ ಆಡಿಸಬಹುದಂತೆ. ಫಲಿತಾಂಶ ಬದಲಾಗುವುದಿಲ್ಲ, ಪಟ್ಟೆಯವರು ಕೆಳಗೇ ಆಡಬೇಕು.

ಮನೆಗೆ ಯಾವಾಗ ಬರುತ್ತೀಯ ಅಂತ ಕೇಳಬೇಡ. ಸದ್ಯಕ್ಕೆ ಆ ಊರಿನ ಬೀದಿಯಲ್ಲಿ ನಡೆಯುವುದು ನನ್ನಿಂದಾಗುವುದಿಲ್ಲ. ನಿನ್ನ ಎದುರು ಕೂರುವುದೂ ಆಗುವುದಿಲ್ಲ.

ಮಗ

ಆಗಸ್ಟ್ ೧೮

ಮರಿ,

ನಿನ್ನ ಕಾಗದ ಓದಿದಾಗ ನನಗೆ ಮೊದಲು ಬಂದದ್ದು ಏನು ಗೊತ್ತೇ? ಹಾಗಾದರೆ ಅದು ಪೆನಾಲ್ಟಿ ಅಲ್ಲವೇ ಅಲ್ಲ ಅನ್ನುವ ಸಿಟ್ಟು. ನಿನ್ನ ಕಷ್ಟ ಆಮೇಲೆ ಕಂಡಿತು. ಇಷ್ಟೆಲ್ಲ ಆದ ಮೇಲೂ ನನ್ನೊಳಗೆ ಮೊದಲು ಎದ್ದು ನಿಲ್ಲುವುದು ಆ ಪಟ್ಟೆಯ ಅಂಗಿ. ಎಂಥ ತಾಯಿ ಅಂತ ನನಗೇ ಅಸಹ್ಯವಾಯಿತು. ಕಾಗದ ಮಡಿಸಿಟ್ಟು ಎರಡು ದಿನ ಬಿಟ್ಟು ಮತ್ತೆ ಓದಿದೆ, ಆಗ ನೀನು ಕಂಡೆ.

ನಿನ್ನೆ ಕೆಳಗಿನ ಡಿವಿಜನ್‌ನ ಮೊದಲ ಪಂದ್ಯ. ಹೋಗುವುದಿಲ್ಲ ಅಂತ ಇದ್ದೆ. ನಿಮ್ಮಪ್ಪ ನನ್ನ ಚಪ್ಪಲಿ ತಂದು ಬಾಗಿಲ ಮುಂದೆ ಇಟ್ಟರು.

ಸ್ಟ್ಯಾಂಡಿನಲ್ಲಿ ಜನ ಅರ್ಧಕ್ಕರ್ಧ ಕಡಿಮೆ. ಸಾಲು ಮಾತ್ರ ಭರ್ತಿಯಾಗಿತ್ತು, ನನ್ನ ಕುರ್ಚಿಯನ್ನು ಖಾಲಿ ಇಟ್ಟುಕೊಂಡಿದ್ದರು. ಆಟ ಶುರುವಾಗುವ ಮೊದಲೇ ಹೇಳಿಬಿಡಬೇಕು, ಸ್ಕೋರು ಹುಟ್ಟುವ ಮೊದಲೇ, ಅಂತ ನಿಂತುಕೊಂಡೇ ಹೇಳಿದೆ. ಹೋದ ಸಲದ ರೆಫರಿ ನನ್ನ ಮಗ, ಅವನನ್ನು ಹೆತ್ತವಳು ನಾನೇ, ಅದು ಗೊತ್ತಿದ್ದೇ ಹಾಗೆ ಕೂಗಿದೆ, ಅಂದೆ. ನಿನ್ನ ತಪ್ಪಿನ ಮಾತು ಎತ್ತಲಿಲ್ಲ. ಅದು ನಿನ್ನದು, ಹೇಳುವುದಾದರೆ ನೀನೇ ಹೇಳಬೇಕು. ನನ್ನದನ್ನಷ್ಟೇ ಹೇಳಿದೆ.

"ತಮಾಷೆ ಮಾಡ್ಬೇಡಿ ಅಕ್ಕಾ" ಅಂದರು ಬೇಕರಿಯವರು. ನನ್ನ ಮುಖ ನೋಡಿ ಅವರ ಕೈಯಲ್ಲಿದ್ದ ಬನ್ನು ಚೀಲಕ್ಕೆ ವಾಪಸು ಹೋಯಿತು. ಹೆಡ್‌ಮೇಷ್ಟ್ರು ರೇಡಿಯೋ ಆರಿಸಿದರು. ಮೆಡಿಕಲ್ ಶಾಪಿನಾಕೆ ತನ್ನ ಚೀಲ ತೆಗೆದುಕೊಂಡು ಎದ್ದಳು. "ಪೆನಾಲ್ಟಿ ಕೊಟ್ಟಿದ್ದಕ್ಕೆ ನನಗೆ ಸಿಟ್ಟಿಲ್ಲ. ಸ್ವಂತ ಮಗನಿಗೆ ಹಾಗಂದೋರ ಪಕ್ಕ ಹೇಗೆ ಕೂರ್ಲಿ?" ಅಂದು ಮೂರು ಸಾಲು ಮುಂದೆ ಹೋಗಿ ಕೂತಳು. ಅವಳು ಹೇಳಿದ್ದು ನ್ಯಾಯವೇ. ಬೇಕರಿಯವರು ಎದ್ದು ಹೋಗಲಿಲ್ಲ. ಆದರೆ ನಮ್ಮಿಬ್ಬರ ಕುರ್ಚಿಗಳ ಮಧ್ಯೆ ಕೈ ಊರುವ ಹಿಡಿಯಿಂದ ಅವರು ಕೈ ತೆಗೆದರು.

ನಿನ್ನೆಯ ರೆಫರಿ ಯಾರ ಮಗನೋ ನನಗೆ ಗೊತ್ತಿಲ್ಲ, ಬೊಕ್ಕತಲೆಯವನು. ಎರಡನೇ ಅರ್ಧದಲ್ಲಿ ನಮ್ಮ ಕುಳ್ಳನಿಗೆ ಕಾರ್ಡು ತೋರಿಸಿದ. ನಮ್ಮ ಸಾಲು ಬಾಯಿ ಬಿಡಲಿಲ್ಲ, ನನಗೋಸ್ಕರವೋ ನನ್ನಿಂದಾಗಿಯೋ. ಆದರೆ ಮೇಲಿನ ಸಾಲುಗಳಿಂದ ಶುರುವಾಯಿತು. ಹೆತ್ತವಳಿಗೆ ನಾಚಿಕೆ, ಹೆತ್ತವಳಿಗೆ ನಾಚಿಕೆ, ಚಪ್ಪಾಳೆಯ ಜೊತೆ. ಅದು ಈಗ ನಿನ್ನದೊಬ್ಬನದಲ್ಲ, ಎಲ್ಲ ರೆಫರಿಗಳದೂ ಆಗಿಬಿಟ್ಟಿದೆ. ಇನ್ನು ಯಾರು ಬಂದರೂ, ಎಲ್ಲಿಂದ ಬಂದರೂ, ನಾನು ಕಟ್ಟಿಕೊಟ್ಟ ಮಾತಿನಿಂದ ಅವರ ತಾಯಂದಿರನ್ನು ಬೈಯುತ್ತಾರೆ. ಅದನ್ನು ವಾಪಸು ತೆಗೆದುಕೊಳ್ಳುವ ದಾರಿ ನನಗೆ ಗೊತ್ತಿಲ್ಲ.

ನಾನು ಎದ್ದು ನಿಂತೆ, ಮೈದಾನಕ್ಕೆ ಬೆನ್ನು ಹಾಕಿ ಮೇಲಿನವರ ಕಡೆ ತಿರುಗಿದೆ. "ರೆಫರಿಯ ಅಮ್ಮ ನಾನು" ಅಂದೆ. ಮೊದಲ ಸಲ ಯಾರಿಗೂ ಕೇಳಿಸಲಿಲ್ಲ, ಎರಡನೇ ಸಲ ನನ್ನ ಘೋಷಣೆಯ ಗಂಟಲಿನಲ್ಲಿ ಕೂಗಿದೆ. ಎದುರಿಗಿದ್ದ ಗಡ್ಡದ ಯುವಕ "ಯಾರಮ್ಮ, ಇವನಮ್ಮನಾ?" ಅಂದ. "ಇವನಲ್ಲ. ಹೋದ ಸೀಸನ್ನಿನಲ್ಲಿ ಪೆನಾಲ್ಟಿ ಕೊಟ್ಟವನು." ಅವನು ಒಂದು ಗಳಿಗೆ ನೋಡಿ, ನಕ್ಕು, ನನ್ನ ಮುಖಕ್ಕೇ ಚಪ್ಪಾಳೆ ಹಾಕಿ ಅದೇ ಮಾತನ್ನು ಕೂಗಿದ. ಅವನ ಸುತ್ತಲಿನವರೂ ಕೂಗಿದರು. ನಾನು ಕೂರಲಿಲ್ಲ. ನೀನು ಮೈದಾನದ ಮಧ್ಯೆ ಒಬ್ಬನೇ ನಿಂತು ಕೇಳಿದ್ದನ್ನು ಎದುರುಬದುರು ನಿಂತು ಕೇಳಿದೆ.

ಅಷ್ಟರಲ್ಲಿ ಅವರ ಮುಖಗಳು ಬದಲಾದವು. ಕಣ್ಣುಗಳೆಲ್ಲ ನನ್ನನ್ನು ದಾಟಿ ಹಿಂದೆ ಹೋದವು, ಬಾಯಿಗಳು ತೆರೆದವು, ಸ್ಟ್ಯಾಂಡು ಎದ್ದು ನಿಂತಿತು. ನಮ್ಮವರು ಗೋಲು ಹೊಡೆದಿದ್ದರು, ನಾನು ನೋಡಲೇ ಇಲ್ಲ. ಆ ಗಡ್ಡದವನೇ ಎರಡು ಸಾಲು ದಾಟಿ ಬಂದು ನನ್ನನ್ನು ತಬ್ಬಿಕೊಂಡು ಕುಣಿದ. ನಾನೂ ಕುಣಿದೆ. ಆಮೇಲೆ ಅದಕ್ಕೂ ನಾಚಿಕೆಯಾಯಿತು. ಇದು ಬಿಟ್ಟುಹೋಗುವ ರೋಗವಲ್ಲ, ಮರಿ. ನಾನು ಮುಂದಿನ ಪಂದ್ಯಕ್ಕೂ ಹೋಗುತ್ತೇನೆ, ಸಾಲಿನಲ್ಲಿ ಯಾರು ಮಾತಾಡಿಸಲಿ ಬಿಡಲಿ. ಎತ್ತಿಕೊಡುವ ಕೆಲಸ ಮಾತ್ರ ಇನ್ನು ಬೇರೆ ಯಾರಾದರೂ ಮಾಡಲಿ.

ನೀನು ಬರುವುದಿಲ್ಲ ಅಂದೆಯಲ್ಲ, ಬರಬೇಡ. ಶಾಲೆಗಳ ಪಂದ್ಯ ಯಾವ ಮೈದಾನದಲ್ಲಿ, ಯಾವತ್ತು ಅಂತ ಎರಡು ಸಾಲು ಬರೆ, ನಾನೇ ಬರುತ್ತೇನೆ. ಮಾತಾಡಿಸಬೇಕಾಗಿಲ್ಲ. ಗೆರೆಯ ಆಚೆ ಮಕ್ಕಳ ಅಪ್ಪ ಅಮ್ಮಂದಿರ ಜೊತೆ ನಿಂತಿರುತ್ತೇನೆ. ಅಲ್ಲಿ ನಿಲ್ಲುವವರು ಒಬ್ಬರನ್ನೊಬ್ಬರು ಕೇಳಿಯೇ ಕೇಳುತ್ತಾರೆ, ಇವರಲ್ಲಿ ನಿಮ್ಮ ಮಗ ಯಾರು ಅಂತ. ಸೀಟಿ ಹಿಡಿದವನ ಕಡೆ ಕೈ ತೋರಿಸುತ್ತೇನೆ.

ಅಮ್ಮ